ಎಕ್ಸ್‌ಪಾನ್ಷನ್ ಬಂತು, ಗುಂಪು ಚದುರಿತು

2025ರ ಜುಲೈ 15, ಮಂಗಳವಾರ. ರಾತ್ರಿ ಹತ್ತೂವರೆಗೆ ಡೆಸ್ಟಿನಿ 2 ಅನ್ನೋ ವಿಡಿಯೋ ಗೇಮ್‌ಗೆ ‘ದಿ ಎಡ್ಜ್ ಆಫ್ ಫೇಟ್’ ಅನ್ನೋ ಹೊಸ ಎಕ್ಸ್‌ಪಾನ್ಷನ್, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಹೊಸ ಭಾಗ, ಬರುವುದಿತ್ತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ ಹತ್ತು, ನಮ್ಮ ಹುಬ್ಬಳ್ಳಿಯಲ್ಲಿ ಊಟ ಮುಗಿಸಿ ಕೂರುವ ಹೊತ್ತು. ಇಂಥ ದಿನಗಳಿಗೆ ಮೊದಲೆಲ್ಲ ನಮ್ಮದೊಂದು ಪದ್ಧತಿ ಇತ್ತು. ನಾನು ಹುಬ್ಬಳ್ಳಿಯಿಂದ, ಒಬ್ಬ ಧಾರವಾಡದಿಂದ, ಇನ್ನೊಬ್ಬ ಗದಗಿನಿಂದ, ಮೂವರೂ ಒಂಬತ್ತಕ್ಕೇ ಕಾಲ್‌ಗೆ ಬಂದು, ಡೌನ್‌ಲೋಡ್ ಎಷ್ಟು ಪರ್ಸೆಂಟ್ ಆಯ್ತು ಅಂತ ಒಬ್ಬರನ್ನೊಬ್ಬರು ಕೇಳ್ತಾ, ಮಳೆಗಾಲ ಆದರೆ ಕರೆಂಟ್ ಹೋಗದಿರಲಿ ಅಂತ ಸಿದ್ಧಾರೂಢ ಅಜ್ಜನಿಗೆ ಕೈ ಮುಗಿದು ಕಾಯುತ್ತಿದ್ದೆವು. ಈ ಸಲ ಕಾಲ್‌ಗೆ ಬಂದವರು ಇಬ್ಬರೇ. ಗದಗಿನವನು ಒಂದು ಮೆಸೇಜ್ ಹಾಕಿದ: ‘ನೀವಿಬ್ರೂ ಆಡ್ರಲೇ, ನಾ ನಾಳೆ ನೋಡ್ತೇನಿ.’

ಆ ನಾಳೆ ಬರಲೇ ಇಲ್ಲ. ಧಾರವಾಡದವನು ಮತ್ತು ನಾನು ಮೂರು ವಾರ ಆಡಿದೆವು. ಆಮೇಲೆ ಅವನೂ ಬಿಟ್ಟ, ನಾನೂ ಬಿಟ್ಟೆ. ಜಗಳ ಆಗಿರಲಿಲ್ಲ. ‘ಇವತ್ತು ಬ್ಯಾಡ ಬಿಡು’ ಅಂತ ಶುರುವಾಗಿದ್ದು ಹಾಗೇ ನಿಂತುಹೋಯಿತು, ಅಷ್ಟೇ.

ತಮಾಷೆ ಏನು ಅಂದರೆ, ಆಡೋಕೆ ಹೊಸದು ಬೇಕಾದಷ್ಟಿತ್ತು. ಕೆಪ್ಲರ್ ಅನ್ನೋ ಹೊಸ ಜಾಗ, ಹೊಸ ಕಥೆ, ಹೊಸ ಬಂದೂಕುಗಳು, ಮೈಯನ್ನು ಉಂಡೆ ಮಾಡಿಕೊಂಡು ಸಣ್ಣ ಕಿಂಡಿಯಲ್ಲಿ ಉರುಳಿ ಹೋಗುವ ಹೊಸ ವಿದ್ಯೆ, ನಾಲ್ಕೇ ದಿನದಲ್ಲಿ ಹೊಸ ರೇಡ್ (ಗುಂಪಾಗಿ ಮಾಡುವ ದೊಡ್ಡ ದಾಳಿ) ಕೂಡ. ಆಡೋಕೆ ಏನೂ ಇಲ್ಲ ಅಂತ ಆಟ ಬೇಜಾರಾಗೋದು ಅರ್ಥ ಆಗುತ್ತೆ. ಇಷ್ಟೆಲ್ಲ ಇದ್ದೂ ಬೇಜಾರಾಗೋದು ಯಾಕೆ?

ನಮ್ಮ ಮೂವರದ್ದೇ ಕಥೆ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಒಂದು ಆಟವನ್ನು ಒಂದೇ ಹೊತ್ತಿಗೆ ಎಷ್ಟು ಜನ ಆಡ್ತಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು. 2023ರ ‘ಲೈಟ್‌ಫಾಲ್’ ಮತ್ತು 2024ರ ‘ದಿ ಫೈನಲ್ ಶೇಪ್’, ಎರಡೂ ಎಕ್ಸ್‌ಪಾನ್ಷನ್ ಬಂದಾಗ ಆ ಸಂಖ್ಯೆ 3 ಲಕ್ಷ ದಾಟಿತ್ತು. ‘ಎಡ್ಜ್ ಆಫ್ ಫೇಟ್’ ಬಂದಾಗ 1 ಲಕ್ಷವನ್ನೂ ಮುಟ್ಟಲಿಲ್ಲ. ಇದು ಬರೀ ಪಿಸಿಯಲ್ಲಿ ಸ್ಟೀಮ್ ಮೂಲಕ ಆಡುವವರ ಲೆಕ್ಕ, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ನವರು ಇದರಲ್ಲಿಲ್ಲ. ಆದರೂ ಗಾಳಿ ಯಾವ ಕಡೆ ಬೀಸ್ತಿದೆ ಅಂತ ತಿಳಿಯೋಕೆ ಸಾಕು. ಆಟ ಮಾಡುವ ಬಂಜೀ ಕಂಪನಿಯನ್ನು ಸೋನಿ 2022ರಲ್ಲಿ 360 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. 2025ರ ನವೆಂಬರಿನಲ್ಲಿ ಅದೇ ಸೋನಿ, ಡೆಸ್ಟಿನಿ 2 ಆಟದ ಮಾರಾಟವೂ ಆಡುವವರ ಉತ್ಸಾಹವೂ ನಿರೀಕ್ಷೆ ಮುಟ್ಟಿಲ್ಲ ಅಂತ ಹೇಳಿ, ಬಂಜೀಗೆ ಸೇರಿದ ಆಸ್ತಿಯ ಬೆಲೆಯನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಸುಮಾರು 3,150 ಕೋಟಿ ಯೆನ್‌ನಷ್ಟು ಇಳಿಸಿಕೊಂಡಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡೆಸ್ಟಿನಿ 2 ಬಂದಿದ್ದು 2017ರ ಸೆಪ್ಟೆಂಬರಿನಲ್ಲಿ. ಬಂದೂಕು ಹಿಡಿದು ಹೊಡೆಯುವ ಆಟವೇ, ಆದರೆ ಒಬ್ಬರ ಮೇಲೊಬ್ಬರು ಬೀಳುವುದಕ್ಕಿಂತ ಜೊತೆಯಾಗಿ ಕಂಪ್ಯೂಟರ್ ಶತ್ರುಗಳನ್ನು ಎದುರಿಸುವುದೇ ಅದರ ಜೀವ. ಸಣ್ಣ ದಾಳಿಗೆ ಮೂವರು. ರೇಡ್ ಅನ್ನೋ ದೊಡ್ಡ ದಾಳಿಗೆ ಆರು ಜನ, ಮತ್ತು ಆ ಆರೂ ಜನ ಒಬ್ಬರಿಗೊಬ್ಬರು ಮಾತಾಡದೇ ಅದು ಮುಗಿಯೋದೇ ಇಲ್ಲ. 2019ರ ಅಕ್ಟೋಬರಿನಲ್ಲಿ ಆಟ ಸ್ಟೀಮ್‌ಗೆ ಬಂತು, ಮೂಲ ಆಟ ಫ್ರೀ ಆಯ್ತು, ಎಕ್ಸ್‌ಪಾನ್ಷನ್‌ಗೆ ಮಾತ್ರ ದುಡ್ಡು. ನಾವು ಸೇರಿದ್ದು 2020ರ ಲಾಕ್‌ಡೌನ್‌ನಲ್ಲಿ. ಫ್ರೀ ಅಂತಲೇ ಸೇರಿದ್ದು, ಸುಳ್ಳು ಯಾಕೆ ಹೇಳಲಿ.

2021ರ ಮೇ ತಿಂಗಳು ನೆನಪಿದೆ. ಎರಡನೇ ಲಾಕ್‌ಡೌನ್. ಹೊರಗೆ ಆಂಬುಲೆನ್ಸ್ ಸದ್ದು ಬಿಟ್ಟರೆ ಊರು ಮೌನ. ಅದೇ ತಿಂಗಳು, 2014ರ ಮೊದಲ ಡೆಸ್ಟಿನಿಯಲ್ಲಿದ್ದ ‘ವಾಲ್ಟ್ ಆಫ್ ಗ್ಲಾಸ್’ ಅನ್ನೋ ರೇಡ್ ಡೆಸ್ಟಿನಿ 2ಕ್ಕೆ ವಾಪಸ್ ಬಂತು. ನಾವು ಮೂವರು, ಕಾಲೇಜಿನ ಇಬ್ಬರು ಜೂನಿಯರ್‌ಗಳು, ಬೆಂಗಳೂರಿನಿಂದ ಹಾವೇರಿಗೆ ವಾಪಸ್ ಬಂದಿದ್ದ ಒಬ್ಬ, ಹೀಗೆ ಆರು ಜನ ಆದೆವು. ಆ ರೇಡ್‌ನಲ್ಲಿ ಆರಕಲ್ ಅಂತ ಬೆಳಕಿನ ಗೋಳಗಳಿವೆ, ಏಳು ಜಾಗದಲ್ಲಿ. ಒಂದೊಂದೇ ಹೊತ್ತಿ, ಒಂದೊಂದೂ ಬೇರೆ ಸ್ವರದಲ್ಲಿ ದನಿ ಕೊಟ್ಟು ಆರುತ್ತವೆ. ಯಾವ ಕ್ರಮದಲ್ಲಿ ಹೊತ್ತಿದವೋ ಅದೇ ಕ್ರಮದಲ್ಲಿ ಒಡೆಯಬೇಕು, ತಪ್ಪಿದರೆ ಆರೂ ಜನರ ಮೇಲೆ ಸಾವಿನ ಗುರುತು ಬೀಳುತ್ತೆ, ಅದನ್ನು ತೊಳೆದುಕೊಳ್ಳದಿದ್ದರೆ ಸತ್ತು ಮೊದಲಿನಿಂದ ಶುರು. ಬೇರೆ ಕಡೆಯವರು ಆ ಜಾಗಗಳಿಗೆ ಎಲ್ ವನ್, ಆರ್ ಟೂ ಅಂತ ಹೆಸರಿಟ್ಟು ಕರೆಯುತ್ತಾರೆ. ನಮ್ಮ ಗುಂಪಿಗೆ ಅದು ಬಾಯಿಗೇ ಬರಲಿಲ್ಲ. ಕೊನೆಗೆ ಗದಗಿನವನು ಹುಬ್ಬಳ್ಳಿಯ ಜಾಗಗಳ ಹೆಸರಿಟ್ಟ: ನಡುವಿನದಕ್ಕೆ ಚನ್ನಮ್ಮ ಸರ್ಕಲ್ ಅಂದ, ಎಡಕ್ಕೆ ದೂರ ಇದ್ದದ್ದು ಹಳೇ ಬಸ್ ಸ್ಟ್ಯಾಂಡ್, ಬಲಕ್ಕೆ ಮೇಲಿದ್ದದ್ದು ನೃಪತುಂಗ ಬೆಟ್ಟ, ಅದರ ಕೆಳಗಿನದು ಉಣಕಲ್ ಕೆರೆ. ‘ಸರ್ಕಲ್, ಬೆಟ್ಟ, ಸ್ಟ್ಯಾಂಡ್, ಕೆರಿ’ ಅಂತ ಕಿರುಚಿಕೊಂಡು ಎರಡು ಭಾನುವಾರ ಸತ್ತು ಸತ್ತು ಮೂರನೇ ಭಾನುವಾರ ಗೆದ್ದೆವು. ಮನೆಯವರಿಗೆ ನಾವು ಬಸ್ ರೂಟ್ ಬಗ್ಗೆ ಜಗಳ ಆಡ್ತಿದ್ದೀವಿ ಅನ್ನಿಸಿರಬೇಕು.

ಗೆದ್ದಾಗ ಏನು ಬಂದೂಕು ಸಿಕ್ಕಿತು ಅಂತ ಈಗ ನೆನಪಿಲ್ಲ.

ಈ ಥರದ ಆಟಗಳನ್ನು ಜನ ಯಾಕೆ ಆಡ್ತಾರೆ ಅನ್ನೋದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಲೂಟ್. ಹೊಡೆದರೆ ಏನೋ ಬೀಳುತ್ತೆ, ಯಾವಾಗ ಒಳ್ಳೆಯದು ಬೀಳುತ್ತೆ ಅಂತ ಗೊತ್ತಿಲ್ಲ, ಅದಕ್ಕೇ ಮತ್ತೆ ಮತ್ತೆ ಹೊಡೀತೀವಿ. ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತೆ ಅಂತ ಗೊತ್ತಿಲ್ಲದ ಪಾರಿವಾಳ ಕುಕ್ಕೋದು ಬಿಡಲ್ಲ. 2001ರಲ್ಲಿ ಜಾನ್ ಹಾಪ್ಸನ್ ಅನ್ನುವವರು ಈ ತತ್ವವನ್ನು ವಿಡಿಯೋ ಗೇಮ್‌ಗಳಿಗೆ ಹಚ್ಚಿ ಒಂದು ಲೇಖನ ಬರೆದರು, ಮುಂದೆ ಅವರು ಕೆಲಸ ಮಾಡಿದ್ದು ಇದೇ ಬಂಜೀಯಲ್ಲಿ. ಮೊದಲ ಡೆಸ್ಟಿನಿ ಬಂದ ತಿಂಗಳಲ್ಲೇ ಆಟಗಾರರು ಒಂದು ಗುಹೆ ಕಂಡುಹಿಡಿದಿದ್ದರು. ಅದರೊಳಗಿಂದ ಶತ್ರುಗಳು ಬರುತ್ತಲೇ ಇದ್ದರು. ಜನ ಸಾಲಾಗಿ ನಿಂತು ಆ ಕತ್ತಲ ಬಾಯಿಗೆ ಗಂಟೆಗಟ್ಟಲೆ ಗುಂಡು ಹಾರಿಸಿದರು, ಲೂಟ್‌ಗೋಸ್ಕರ. ಕೆಲವೇ ವಾರದಲ್ಲಿ ಕಂಪನಿಯೇ ಅದನ್ನು ಮುಚ್ಚಬೇಕಾಯಿತು.

ಅಂದರೆ ಲೂಟ್ ಆಸೆ ನಿಜ. ಆದರೆ ಅದು ಜನರನ್ನು ಆ ರಾತ್ರಿ ಕೂರಿಸುತ್ತೆ, ಐದು ವರ್ಷ ಕೂರಿಸಲ್ಲ. ಮನಶ್ಶಾಸ್ತ್ರಜ್ಞ ರಿಚರ್ಡ್ ರಯಾನ್ ಮತ್ತು ಜೊತೆಗಾರರು 2006ರಲ್ಲಿ ಗೇಮ್ ಆಡುವವರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವಿಷಯ ಮುಖ್ಯ ಅಂದಿದ್ದರು. ಸರಳವಾಗಿ ಹೇಳೋದಾದರೆ: ನಾನೇ ಆರಿಸಿಕೊಂಡೆ ಅನ್ನೋ ಭಾವ, ನನಗೆ ಇದು ಬರುತ್ತೆ ಅನ್ನೋ ಭಾವ, ನನ್ನ ಜೊತೆ ಜನ ಇದ್ದಾರೆ ಅನ್ನೋ ಭಾವ. ನಾನು ಹೇಳಹೊರಟಿದ್ದು ಇಷ್ಟೇ. ಎಕ್ಸ್‌ಪಾನ್ಷನ್ ಅನ್ನೋದು ಆಡುವ ಜಾಗವನ್ನು ಜಾಸ್ತಿ ಮಾಡುತ್ತೆ, ಆದರೆ ಅದನ್ನು ಮಾರುವ ರೀತಿ ಈ ಮೂರನ್ನೂ ಕಡಿಮೆ ಮಾಡುತ್ತೆ. ಅದರಲ್ಲೂ ಮೂರನೆಯದನ್ನು. ಗುಂಪಿನ ಆಟಕ್ಕೆ ಅದು ಹೋದರೆ ಉಳಿದಿದ್ದು ಏನು?

ಮೊದಲು ದುಡ್ಡಿನ ಲೆಕ್ಕ. ಒಬ್ಬನೇ ಆಡುವ ಆಟಕ್ಕೆ ಹೊಸ ಭಾಗ ಬಂದರೆ ಕೊಳ್ಳೋದು ಬಿಡೋದು ನನ್ನೊಬ್ಬನ ತೀರ್ಮಾನ. ಗುಂಪಿನ ಆಟದಲ್ಲಿ ಹಾಗಲ್ಲ. ಆರು ಜನರ ಗುಂಪಿನಲ್ಲಿ ಪ್ರತಿಯೊಬ್ಬನೂ ಹೊಸ ಎಕ್ಸ್‌ಪಾನ್ಷನ್ ಕೊಳ್ಳುವ ಸಾಧ್ಯತೆ ನೂರಕ್ಕೆ ಎಂಬತ್ತು ಅಂತ ಹಿಡಿಯಿರಿ. ಎಂಬತ್ತು ಅಂದರೆ ಬಹಳ ಜಾಸ್ತಿ, ನಮ್ಮಲ್ಲಿ ಕೈಗಡ ವಾಪಸ್ ಬರುವ ಸಾಧ್ಯತೆ ಕೂಡ ಅಷ್ಟಿಲ್ಲ. ಆದರೂ ಆರೂ ಜನ ಕೊಳ್ಳುವ ಸಾಧ್ಯತೆ ಗುಣಾಕಾರ ಮಾಡಿದರೆ ನೂರಕ್ಕೆ ಇಪ್ಪತ್ತಾರಕ್ಕೆ ಇಳಿಯುತ್ತೆ. ಮೂವರ ಗುಂಪಾದರೆ ಐವತ್ತೊಂದು. ಇದು ಒಂದು ಸಲದ ಲೆಕ್ಕ, ಪ್ರತಿ ವರ್ಷ ಇದೇ ಜರಡಿ ಹಿಡಿದರೆ ಗುಂಪು ಉಳಿಯೋದೇ ಆಶ್ಚರ್ಯ. ಒಬ್ಬ ಕೊಳ್ಳದಿದ್ದರೆ ಉಳಿದ ಐವರು ಕೊಟ್ಟ ದುಡ್ಡಿನ ಬೆಲೆಯೂ ಇಳಿಯುತ್ತೆ, ಯಾಕೆಂದರೆ ಅವನ ಜೊತೆ ಹೊಸ ರೇಡ್ ಆಡೋಕೆ ಆಗಲ್ಲ, ಗೊತ್ತಿಲ್ಲದ ಯಾರನ್ನೋ ಹುಡುಕಬೇಕು, ಆ ಯಾರೋ ಒಬ್ಬನಿಗೆ ‘ಉಣಕಲ್ ಕೆರೆ’ ಅಂದರೆ ಗೊತ್ತಾಗಲ್ಲ. ಗದಗಿನವನಿಗೆ ದುಡ್ಡಿರಲಿಲ್ಲ ಅಂತಲ್ಲ. ಅವನದು ಹಾರ್ಡ್‌ವೇರ್ ಅಂಗಡಿ, ನಮಗಿಂತ ಚೆನ್ನಾಗೇ ಇದ್ದಾನೆ. ಆದರೆ ಸಾವಿರಾರು ರೂಪಾಯಿ ಕೊಟ್ಟ ಮೇಲೆ ಆಡಲೇಬೇಕು ಅಂತ ಆಗುತ್ತಲ್ಲ, ಅದು ಅವನಿಗೆ ಬೇಡವಾಗಿತ್ತು.

ಯಾಕೆ ಬೇಡವಾಗಿತ್ತು ಅನ್ನೋದಕ್ಕೆ ರೆಕ್ಲೂಸ್ ಕಥೆ ಹೇಳಬೇಕು.

ರೆಕ್ಲೂಸ್ ಅಂದರೆ 2019ರಲ್ಲಿ ಬಂದ ಒಂದು ಸಣ್ಣ ಮಷಿನ್ ಗನ್. ಆ ಕಾಲಕ್ಕೆ ಆಟದಲ್ಲಿ ಅದಕ್ಕೆ ಸಮ ಇರಲಿಲ್ಲ. ಅದು ಬೇಕಾದರೆ ಆಟಗಾರರ ವಿರುದ್ಧ ಆಟಗಾರರು ಆಡುವ ವಿಭಾಗದಲ್ಲಿ ಏಣಿ ಹತ್ತಬೇಕು, ಗೆದ್ದರೆ ಮೇಲೆ, ಸೋತರೆ ಕೆಳಗೆ. ನಮ್ಮ ಗದಗಿನವನು 2020ರಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು, ಕೆಟ್ಟ ಪಿಂಗ್, ಅಂದರೆ ತಡವರಿಸುವ ನೆಟ್, ಇಟ್ಟುಕೊಂಡು, ದಿನಾ ಬೈಸಿಕೊಂಡು, ಅದನ್ನು ಗಳಿಸಿದ. ಆ ದಿನ ಕಾಲ್‌ನಲ್ಲಿ ಅವನು ಕೂಗಿದ ಕೂಗಿಗೆ ಅವರವ್ವ ಹೆದರಿ ರೂಮಿಗೆ ಬಂದಿದ್ದರು. ಅದೇ ವರ್ಷ ನವೆಂಬರಿನಲ್ಲಿ ‘ಬಿಯಾಂಡ್ ಲೈಟ್’ ಎಕ್ಸ್‌ಪಾನ್ಷನ್ ಬಂತು. ಜೊತೆಗೆ ಸನ್‌ಸೆಟ್ಟಿಂಗ್ ಅನ್ನೋ ನಿಯಮವೂ ಜಾರಿಗೆ ಬಂತು: ಹಳೇ ಬಂದೂಕುಗಳ ಪವರ್‌ಗೆ, ಅಂದರೆ ಅವುಗಳ ಬಲ ಅಳೆಯುವ ಸಂಖ್ಯೆಗೆ, ಒಂದು ಮಿತಿ. ಬಂದೂಕು ನಿಮ್ಮ ಹತ್ತಿರವೇ ಇರುತ್ತೆ, ಆದರೆ ಕಷ್ಟದ ಹಂತಗಳಲ್ಲಿ ಅದರಿಂದ ಹೊಡೆದರೆ ಹೂವು ಎರಚಿದ ಹಾಗೆ. ರೆಕ್ಲೂಸ್ ಆ ಪಟ್ಟಿಯಲ್ಲಿತ್ತು. ಜನ ಎಷ್ಟು ಕೂಗಾಡಿದರು ಅಂದರೆ, 2021ರ ಫೆಬ್ರವರಿಯಲ್ಲಿ ಬಂಜೀ ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಹೇಳಿತು. ಆದರೆ ಆಗಲೇ ಮಿತಿ ಬಿದ್ದಿದ್ದ ಬಂದೂಕುಗಳು ವರ್ಷಗಟ್ಟಲೆ ಹಾಗೇ ಉಳಿದವು.

2024ರ ಏಪ್ರಿಲ್‌ನಲ್ಲಿ ‘ಇನ್‌ಟು ದಿ ಲೈಟ್’ ಅಂತ ಒಂದು ಉಚಿತ ಅಪ್‌ಡೇಟ್ ಬಂತು. ಅದರಲ್ಲಿ ಹಳೇ ಮೆಚ್ಚಿನ ಬಂದೂಕುಗಳನ್ನು ಹೊಸದಾಗಿ ಕೊಟ್ಟರು, ರೆಕ್ಲೂಸ್ ಕೂಡ. ಅವನು ಮತ್ತೆ ಕೂತು ಗಳಿಸಿದ. ಖುಷಿಯಲ್ಲೇ ಗಳಿಸಿದ ಅನ್ನಿ. 2025ರ ಜುಲೈನಲ್ಲಿ ‘ಎಡ್ಜ್ ಆಫ್ ಫೇಟ್’ ಜೊತೆ ‘ನ್ಯೂ ಗಿಯರ್’ ಅನ್ನೋ ಏರ್ಪಾಡು ಬಂತು. ಹೊಸ ಸರಂಜಾಮು ಹಾಕಿಕೊಂಡವರಿಗೆ ಹೊಡೆತದಲ್ಲೂ ರಕ್ಷಣೆಯಲ್ಲೂ ಬೋನಸ್, ಹಳೆಯದಕ್ಕೆ ಇಲ್ಲ. ಎಲ್ಲರ ಪವರ್ ಮತ್ತೆ 10ಕ್ಕೆ ಇಳಿಯಿತು. ಕಾನೂನಿನ ಪ್ರಕಾರ ಇದು ಸನ್‌ಸೆಟ್ಟಿಂಗ್ ಅಲ್ಲ, ಹಳೆಯದನ್ನು ಬಳಸಬೇಡಿ ಅಂತ ಯಾರೂ ಹೇಳಿಲ್ಲ. ಹೊಸ ಸೊಸೆ ಬಂದ ಮೇಲೆ ಹಳೇ ಸೊಸೆಗೆ ಯಾರೂ ಬೈಯಲ್ಲ, ಮಾತಾಡಿಸೋದು ಬಿಡ್ತಾರೆ ಅಷ್ಟೇ. ಈ ಸುದ್ದಿ ಹೇಳಿದಾಗ ಗದಗಿನವನು ಒಂದೇ ಮಾತು ಕೇಳಿದ: ‘ಮೂರನೇ ಸಲ ಗಳಸ್ಲೇನು?’

ಹೀಗೆ ಎಲ್ಲರನ್ನೂ ಮತ್ತೆ ಕೆಳಗಿನಿಂದ ಶುರು ಮಾಡಿಸುವ ರೀಸೆಟ್ ಯಾಕೆ ಮಾಡ್ತಾರೆ ಅನ್ನೋದಕ್ಕೆ ಕಾರಣ ಇಲ್ಲದೇ ಇಲ್ಲ. ಎಲ್ಲರ ಹತ್ತಿರವೂ ಒಳ್ಳೇ ಬಂದೂಕು ಇದ್ದರೆ ಹೊಸದನ್ನು ಯಾರು ಹುಡುಕ್ತಾರೆ? ಹೊಸಬ ಬಂದರೆ ಐದು ವರ್ಷದ ಹಳಬನ ಪಕ್ಕ ಅವನಿಗೂ ನಿಲ್ಲೋಕೆ ಜಾಗ ಬೇಕಲ್ವಾ? ಮತ್ತೆ ಈ ಆಟ ಒಂದು ಸಲ ಮಾರಿ ಸುಮ್ಮನಾಗುವ ಸರಕಲ್ಲ. ಸರ್ವರ್ ನಡೀಬೇಕು, ನೂರಾರು ಜನರ ಸಂಬಳ ಆಗಬೇಕು. ‘ಫೈನಲ್ ಶೇಪ್’ ಬಂದು ಎರಡು ತಿಂಗಳೂ ಆಗಿರಲಿಲ್ಲ, 2024ರ ಜುಲೈ 31ಕ್ಕೆ ಬಂಜೀ 220 ಜನರನ್ನು ಕೆಲಸದಿಂದ ತೆಗೆಯಿತು, ಅಂದರೆ ಕಂಪನಿಯ ನೂರಕ್ಕೆ ಹದಿನೇಳು ಜನ. ಎಲ್ಲರೂ ಹೊಗಳಿದ ಎಕ್ಸ್‌ಪಾನ್ಷನ್ ಮಾಡಿದ ಮೇಲೂ ಈ ಗತಿ. ಜನ ಕಡಿಮೆ ಆದಾಗ ಹೊಸ ಜಾಗ, ಹೊಸ ಕಥೆ ಕಟ್ಟೋದು ಕಷ್ಟ. ಇರುವುದನ್ನೇ ಮತ್ತೆ ಹತ್ತಿಸೋದು ಸುಲಭ. ಇದು ನನ್ನ ಊಹೆ, ಆದರೆ ಆಡಿದವರಿಗೆ ಹೌದು ಅನ್ನಿಸುತ್ತೆ.

ರೀಸೆಟ್ ಅನ್ನೋದೇ ತಪ್ಪು ಅಂತ ನಾನು ಹೇಳಲ್ಲ. ಹುಬ್ಬಳ್ಳಿಯ ಯಾವ ಹಾಸ್ಟೆಲ್‌ಗೆ ಬೇಕಾದರೂ ಸಂಜೆ ಹೋಗಿ ನೋಡಿ, ನಾಲ್ಕು ಹುಡುಗರು ಗೋಡೆಗೆ ಒರಗಿ ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ರೂಪ) ಆಡ್ತಿರ್ತಾರೆ. ಅಲ್ಲಿ ಪ್ರತಿ ಮ್ಯಾಚ್‌ನಲ್ಲೂ ಎಲ್ಲರೂ ಬರಿಗೈಲಿ ಪ್ಯಾರಾಶೂಟ್‌ನಿಂದ ಇಳೀತಾರೆ. ಅರ್ಧ ಗಂಟೆಗೊಂದು ರೀಸೆಟ್! ಯಾರೂ ಗೊಣಗಲ್ಲ. ಯಾಕೆಂದರೆ ಅಲ್ಲಿ ಕಳೆದುಕೊಳ್ಳೋದು ಅರ್ಧ ಗಂಟೆಯ ಗಳಿಕೆ, ಡೆಸ್ಟಿನಿಯಲ್ಲಿ ಕಳೆದುಕೊಳ್ಳೋದು ಒಂದು ತಿಂಗಳಿನ ರಾತ್ರಿಗಳು. ಕೈಗೆ ಬಂದ ವಿದ್ಯೆ ಮಾತ್ರ ಎರಡರಲ್ಲೂ ಉಳಿಯುತ್ತೆ. ಬಿಜಿಎಂಐನಲ್ಲಿ ಆ ವಿದ್ಯೆಗೇ ಬೆಲೆ, ಡೆಸ್ಟಿನಿಯಲ್ಲಿ ವಿದ್ಯೆ ಇದ್ದರೂ ಪವರ್ ಸಂಖ್ಯೆ ಸಾಲದಿದ್ದರೆ ಬಾಗಿಲಲ್ಲೇ ನಿಲ್ಲಿಸ್ತಾರೆ.

ಇನ್ನೊಂದು ವಿಷಯ ಯೋಚಿಸಿದರೆ ನಗು ಬರುತ್ತೆ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ಮೊಬೈಲ್ ಬ್ಯಾನ್ ಮಾಡಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಬಂತು. 2022ರ ಜುಲೈನಲ್ಲಿ ಅದನ್ನೂ ಆಪ್ ಸ್ಟೋರ್‌ನಿಂದ ತೆಗೆಸಿದರು, 2023ರ ಮೇನಲ್ಲಿ ಮತ್ತೆ ಬಂತು. ಎರಡು ಸಲ ಆಟವೇ ಮಾಯ ಆದರೂ ನನ್ನ ಕಾಕಾನ ಮಗನ ನಾಲ್ಕು ಜನರ ಸ್ಕ್ವಾಡ್ ಹಾಗೇ ಇದೆ, ಆಟ ಬಂದ ದಿನವೇ ನಾಲ್ವರೂ ಹಾಜರ್. ಸರ್ಕಾರದ ಬ್ಯಾನ್‌ಗೆ ಒಡೆಯದ ಗುಂಪು ಅದು. ನಮ್ಮದು ಒಂದು ಎಕ್ಸ್‌ಪಾನ್ಷನ್‌ಗೆ ಒಡೆಯಿತು.

ಈಗ ಆ ಮೂರು ವಾರದ ಬಗ್ಗೆ ಹೇಳ್ತೀನಿ, ಧಾರವಾಡದವನು ಮತ್ತು ನಾನು ಆಡಿದ್ದು. ಹೊಸ ಏರ್ಪಾಡಿನಲ್ಲಿ ಪೋರ್ಟಲ್ ಅಂತ ಒಂದು ಪರದೆ, ಅದರಲ್ಲಿ ಆಟಗಳನ್ನು ವಿಂಗಡಿಸಿ ಇಟ್ಟಿದ್ದಾರೆ: ಒಬ್ಬರೇ ಆಡುವುದು, ಮೂವರು ಆಡುವುದು, ಇನ್ನೂ ಕಷ್ಟದ್ದು. ಪವರ್ ಬೇಗ ಏರಬೇಕಾದರೆ ಎಲ್ಲಕ್ಕಿಂತ ಚುರುಕಾದ ದಾರಿ ಯಾವುದು ಅಂತ ಎರಡೇ ದಿನದಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಅದು ಒಬ್ಬರೇ ಆಡುವ ವಿಭಾಗದ ಕ್ಯಾಲ್ಡೆರಾ. ಚಿಕ್ಕದು, ಬೇಗ ಮುಗಿಯುತ್ತೆ, ಮತ್ತೆ ಶುರು ಮಾಡಬಹುದು. ಹಾಗಾಗಿ ನಾವು ದಿನಾ ರಾತ್ರಿ ಕಾಲ್‌ಗೆ ಬರ್ತಿದ್ದೆವು, ಅವನು ಅವನ ಕ್ಯಾಲ್ಡೆರಾ ಆಡ್ತಿದ್ದ, ನಾನು ನನ್ನದು. ಜೊತೆಯಾಗಿ ಆಡಿದರೆ ಪವರ್ ನಿಧಾನ. ‘ಸ್ವಲ್ಪ ಏರೂಣು, ಆಮ್ಯಾಲೆ ಕೂಡಿ ರೇಡ್ ಆಡೂಣು’ ಅಂತ ಅಂದುಕೊಂಡೆವು. ಆ ‘ಆಮ್ಯಾಲೆ’ ಮೂರು ವಾರ ಆದರೂ ಬರಲಿಲ್ಲ, ಅಷ್ಟರಲ್ಲಿ ಅವನ ಸಂಖ್ಯೆ ನನ್ನದಕ್ಕಿಂತ ಬಹಳ ಮುಂದೆ ಹೋಗಿತ್ತು, ಅವನಿಗೆ ಶಾಲೆ ಬೇಗ ಬಿಡುತ್ತೆ, ಮೇಷ್ಟ್ರು. ನನ್ನ ಜೊತೆ ಆಡಿದರೆ ಅವನಿಗೆ ನಷ್ಟ, ಅವನ ಹಂತಕ್ಕೆ ನಾನು ಹೋದರೆ ನನಗೆ ಸಾವು. ಒಂದು ರಾತ್ರಿ ಹತ್ತು ನಿಮಿಷ ಇಬ್ಬರೂ ಏನೂ ಮಾತಾಡಿರಲಿಲ್ಲ. ‘ಇದೀಯೇನಲೇ?’ ಅಂದೆ. ‘ಇದೀನಿ, ಕುಕ್ಕಾಕತ್ತೇನಿ’ ಅಂದ. ಪಾರಿವಾಳದ ಕಥೆ ನಾನೇ ಅವನಿಗೆ ಹೇಳಿದ್ದು.

ಗುಂಪಿನ ಆಟ ಅಂತ ಕೊಂಡು, ಕಾಲ್‌ನಲ್ಲಿ ಇಬ್ಬರಿದ್ದು, ಆಟದಲ್ಲಿ ಒಬ್ಬೊಬ್ಬರೇ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಬಹುಮಾನವನ್ನು ಎಲ್ಲಿ ಜಾಸ್ತಿ ಇಡ್ತೀರೋ ಜನ ಅಲ್ಲೇ ಹೋಗ್ತಾರೆ ಅನ್ನೋದು ಆ ಗುಹೆಯ ಕಾಲದಿಂದಲೂ ಬಂಜೀಗೆ ಗೊತ್ತಿತ್ತು.

ಇದಕ್ಕೆ ಒಂದು ಆಕ್ಷೇಪ ಬರುತ್ತೆ, ನನಗೇ ನಾನು ಹಾಕಿಕೊಂಡಿದ್ದು. ಕಥೆ ಮುಗೀತಲ್ಲ, ಅದಕ್ಕೇ ಇರಬಹುದಲ್ಲ? 2014ರಲ್ಲಿ ಶುರುವಾದ ಕಥೆ ಹತ್ತು ವರ್ಷಕ್ಕೆ ‘ಫೈನಲ್ ಶೇಪ್’ನಲ್ಲಿ ಮುಗಿಯಿತು, ದೊಡ್ಡ ವೈರಿ ಸತ್ತ. ಮಂಗಳಾರತಿ ಆದ ಮೇಲೆ ಜನ ಎದ್ದು ಹೋಗೋದು ಸಹಜ. ಇದರಲ್ಲಿ ನಿಜ ಇದೆ, ಜೂನ್ 2024ರಲ್ಲಿ ಆಡಿ ಮುಗಿಸಿದಾಗ ನಮಗೆ ಮೂವರಿಗೂ ಒಂದು ಥರ ಹೊಟ್ಟೆ ತುಂಬಿದ ಹಾಗೆ ಆಗಿತ್ತು. ಇನ್ನೊಂದು ಆಕ್ಷೇಪ ವಯಸ್ಸಿನದು. ಲಾಕ್‌ಡೌನ್‌ನಲ್ಲಿ ಇದ್ದ ಸಮಯ ಈಗಿಲ್ಲ, ಒಬ್ಬನಿಗೆ ಮದುವೆ ಆಯ್ತು, ಒಬ್ಬನಿಗೆ ಅಂಗಡಿ. ಇದೂ ನಿಜ, ಆದರೆ ಪೂರ್ತಿ ಅಲ್ಲ. ಯಾಕೆಂದರೆ ಸಮಯ ಇಲ್ಲ ಅಂದ ಗದಗಿನವನೇ ವಾರಕ್ಕೆ ಎರಡು ರಾತ್ರಿ ಬೇರೆ ಆಟ ಆಡ್ತಿದ್ದಾನೆ ಅಂತ ಆಮೇಲೆ ಗೊತ್ತಾಯಿತು. ಡೀಪ್ ರಾಕ್ ಗ್ಯಾಲಾಕ್ಟಿಕ್. ನಾಲ್ಕು ಕುಳ್ಳರು ಗುಹೆಗಿಳಿದು ಅದಿರು ಅಗೆದು, ಹುಳುಗಳನ್ನು ಹೊಡೆದು, ಓಡಿ ಬಂದು ರಾಕೆಟ್ ಹತ್ತೋ ಆಟ.

ನಾನು ಆ ಆಟವನ್ನು ಬೇಕಂತಲೇ ಗಮನಿಸಿ ನೋಡಿದೆ. ಡೆನ್ಮಾರ್ಕ್‌ನ ಗೋಸ್ಟ್ ಶಿಪ್ ಗೇಮ್ಸ್ ಅನ್ನೋ ಸಣ್ಣ ಕಂಪನಿಯದು, ಪೂರ್ತಿಯಾಗಿ ಬಿಡುಗಡೆ ಆಗಿದ್ದು 2020ರ ಮೇನಲ್ಲಿ. ಅಲ್ಲೂ ಸೀಸನ್ ಅಂತ ಆಗಾಗ ಬರುವ ಹೊಸ ಕಂತುಗಳಿವೆ, ಅಲ್ಲೂ ಹೊಸ ಸರಕು ಬರುತ್ತೆ, ಆದರೆ ಸೀಸನ್‌ಗಳು ಉಚಿತ. 2024ರ ಜೂನ್‌ನಲ್ಲಿ ಐದನೇ ಸೀಸನ್ ಬಂದಾಗ ಅವರು ಮಾಡಿದ ಕೆಲಸ ನೋಡಿ: ಹಿಂದಿನ ಸೀಸನ್‌ಗಳಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಂಡು ಆಡಬಹುದು ಅಂದರು. ತಪ್ಪಿಸಿಕೊಂಡೆ ಅನ್ನೋ ಮಾತೇ ಇಲ್ಲ. ಆರು ತಿಂಗಳು ಬಿಟ್ಟು ಬಂದರೂ ನಿಮ್ಮ ಹಳೇ ಬಂದೂಕು ಹಳೇ ಥರವೇ ಹೊಡೆಯುತ್ತೆ. 2024ರಲ್ಲಿ ಬಂದ ಹೆಲ್‌ಡೈವರ್ಸ್ 2 ಕೂಡ ಹೀಗೇ, ಅದರ ವಾರ್‌ಬಾಂಡ್‌ಗಳಿಗೆ (ಆಡ್ತಾ ಒಂದೊಂದಾಗಿ ಪಡೆಯುವ ಸರಂಜಾಮಿನ ಪಟ್ಟಿ) ಕೊನೆ ದಿನಾಂಕ ಇಲ್ಲ. ಅದು ಹನ್ನೆರಡೇ ವಾರದಲ್ಲಿ 1.2 ಕೋಟಿ ಪ್ರತಿ ಮಾರಾಟ ಆಯಿತು. ಆದರೆ ಎಲ್ಲಾ ಆಟಕ್ಕೂ ಇದೇ ಅಳತೆ ಹಿಡಿಯೋಕೆ ಆಗಲ್ಲ ಅನ್ನೋದೂ ಗೊತ್ತು. ಮಾನ್‌ಸ್ಟರ್ ಹಂಟರ್ ವರ್ಲ್ಡ್‌ಗೆ 2019ರಲ್ಲಿ ‘ಐಸ್‌ಬೋರ್ನ್’ ಬಂದಾಗ ಅಲ್ಲೂ ಹಳೇ ಕವಚ ಮೂಲೆ ಸೇರಿತು, ಅದಕ್ಕೂ ದುಡ್ಡು ಕೊಡಬೇಕಿತ್ತು. ಆದರೆ ಅದು ಒಂದೇ ಸಲ. ಒಂದು ಪ್ರಾಣಿಯ ಚಲನೆ ಕಲಿತಿದ್ದರೆ, ಅದು ಬಾಲ ಎತ್ತಿದಾಗ ಯಾವ ಕಡೆ ಹಾರಬೇಕು ಅಂತ ನಿಮಗೆ ಗೊತ್ತಿದ್ದರೆ, ಆ ತಿಳಿವಳಿಕೆಯನ್ನು ಐಸ್‌ಬೋರ್ನ್ ಕಿತ್ತುಕೊಳ್ಳಲಿಲ್ಲ.

ಡೆಸ್ಟಿನಿಯಲ್ಲಿ ಕಿತ್ತುಕೊಂಡಿದ್ದು ಬಂದೂಕು ಮಾತ್ರ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಜಾಗಗಳನ್ನೂ ತೆಗೆದರು. ‘ಬಿಯಾಂಡ್ ಲೈಟ್’ ಜೊತೆಗೇ 2017ರ ಮೂಲ ಕಥೆ ‘ರೆಡ್ ವಾರ್’ ಹೋಯಿತು. ಮಂಗಳ, ಬುಧ, ಟೈಟನ್, ಅಯೋ ಅನ್ನೋ ತಾಣಗಳು ಹೋದವು. 2022ರಲ್ಲಿ ‘ಫೋರ್ಸೇಕನ್’ ಕಥೆಯೂ ಹೋಯಿತು, ಅದು ಎಷ್ಟೋ ಜನ ದುಡ್ಡು ಕೊಟ್ಟು ಕೊಂಡಿದ್ದು. ಆಟ 100 ಜಿಬಿ ದಾಟಿ ಉಬ್ಬಿಕೊಂಡಿದೆ, ಎಲ್ಲವನ್ನೂ ನಡೆಸಿಕೊಂಡು ಹೋಗೋಕೆ ಆಗಲ್ಲ ಅನ್ನೋದು ಕಂಪನಿಯ ಕಾರಣ. ನಮ್ಮ ಕಡೆ ಇಂಟರ್ನೆಟ್‌ನಲ್ಲಿ ಡೌನ್‌ಲೋಡ್ ಮಾಡುವವನಾಗಿ ಆ ಕಾರಣವನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಇದರ ಬಾಲಂಗೋಚಿ ಒಂದು ಕೇಳಿ. ‘ರೆಡ್ ವಾರ್’ ಕಥೆ ತನ್ನದನ್ನು ಕದ್ದಿದ್ದು ಅಂತ ಒಬ್ಬ ಲೇಖಕ ಅಮೆರಿಕದ ಕೋರ್ಟಿಗೆ ಹೋದ. ಕಥೆ ಬೇರೆ ಅಂತ ತೋರಿಸೋಕೆ ಬಂಜೀ ಹತ್ತಿರ ಆಡಿಸಿ ತೋರಿಸಬಹುದಾದ ಆಟವೇ ಇರಲಿಲ್ಲ. ಯೂಟ್ಯೂಬ್ ವಿಡಿಯೋ ಮತ್ತು ಅಭಿಮಾನಿಗಳು ಬರೆದ ಪುಟಗಳನ್ನು ಸಾಕ್ಷಿ ಅಂತ ಕೊಟ್ಟರು. 2025ರ ಮೇನಲ್ಲಿ ಜಡ್ಜ್ ಅದನ್ನು ಒಪ್ಪಲಿಲ್ಲ, ಕೇಸು ವಜಾ ಮಾಡಲಿಲ್ಲ. ತಮ್ಮ ಆಟವನ್ನು ತಾವೇ ತೋರಿಸೋಕೆ ಆಗದ ಸ್ಥಿತಿ!

ಹೊಸಬನೊಬ್ಬನನ್ನು ಗುಂಪಿಗೆ ಸೇರಿಸೋಕೆ ಹೋದಾಗ ಇದರ ತೊಂದರೆ ನಮಗೆ ಗೊತ್ತಾಗಿತ್ತು. ಹಾವೇರಿಯವನು ಕೆಲಸಕ್ಕೆ ವಾಪಸ್ ಹೋದ ಮೇಲೆ ಆರನೆಯವನು ಬೇಕಿತ್ತು. ಆಫೀಸಿನ ಒಬ್ಬ ಹುಡುಗನನ್ನು ಕರೆತಂದೆ. ಅವನು ಕೇಳಿದ, ‘ಅಣ್ಣಾ, ಕಥೆ ಎಲ್ಲಿಂದ ಶುರು?’ ನಾನು ಬಾಯಿ ತೆರೆದು ಸುಮ್ಮನಾದೆ. ಶುರುವಿನ ಭಾಗ ಆಟದಲ್ಲೇ ಇರಲಿಲ್ಲ. ಯೂಟ್ಯೂಬ್ ಲಿಂಕ್ ಕಳಿಸಿದೆ, ಕೋರ್ಟಿನಲ್ಲಿ ಬಂಜೀ ಮಾಡಿದ ಹಾಗೇ. ಆ ಹುಡುಗ ಎರಡು ವಾರ ಬಂದ, ಆಮೇಲೆ ಬರಲಿಲ್ಲ. ಅವನನ್ನು ದೂರುವ ಹಾಗಿಲ್ಲ.

ನಮ್ಮ ಓಣಿಯ ಕಟ್ಟೆಯಲ್ಲಿ ಒಂದು ಕೇರಂ ಬೋರ್ಡ್ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅದೇ ಬೋರ್ಡ್. ಬೋರಿಕ್ ಪೌಡರ್ ಬಿಟ್ಟರೆ ಅದಕ್ಕೆ ಏನೂ ಅಪ್‌ಡೇಟ್ ಬಂದಿಲ್ಲ. ಕೇರಂ ನೋಡಿ ಕಲೀರಿ ಅಂತ ನೂರಾರು ಜನಕ್ಕೆ ಸಂಬಳ ಕೊಡುವ ಕಂಪನಿಗೆ ಹೇಳೋದು ಹುಚ್ಚುತನ, ನನಗೂ ಗೊತ್ತು. ಕೇರಂ ಯಾರಿಗೂ ಲಾಭ ತೋರಿಸಬೇಕಿಲ್ಲ. ಆದರೆ ಅಲ್ಲಿ ಒಂದು ವಿಷಯ ಕಾಣುತ್ತೆ. ದುಬೈಗೆ ಹೋಗಿ ಎರಡು ವರ್ಷಕ್ಕೆ ಬಂದವನು ಕೂಡ ಬ್ಯಾಗ್ ಮನೇಲಿಟ್ಟು ಬಂದು ಕೂರ್ತಾನೆ, ಮೊದಲ ಬೋರ್ಡ್‌ನಲ್ಲೇ ಆಡ್ತಾನೆ. ಕೈ ಸ್ವಲ್ಪ ನಡುಗುತ್ತೆ, ಎಲ್ಲರೂ ನಗ್ತಾರೆ, ಅಷ್ಟೇ. ವಾಪಸ್ ಬರೋಕೆ ಅವನು ಏನನ್ನೂ ತೀರಿಸಬೇಕಾಗಿಲ್ಲ. ಡೆಸ್ಟಿನಿಗೆ ಎರಡು ತಿಂಗಳು ಬಿಟ್ಟು ಹೋದರೆ ಸಾಲ ಮಾಡಿ ಊರು ಬಿಟ್ಟವನು ವಾಪಸ್ ಬಂದ ಹಾಗೆ: ಈ ಸೀಸನ್ ಮುಗಿಸಿಲ್ಲ, ಆ ಪವರ್ ಏರಿಲ್ಲ, ಇದು ಕೊಂಡಿಲ್ಲ. ಹಾಗಾಗಿ ಬಿಟ್ಟವರು ಬಿಟ್ಟೇ ಬಿಡ್ತಾರೆ. ಸಂಖ್ಯೆ ಇಳಿದಾಗ ಕಂಪನಿ ಇರುವವರನ್ನು ಹಿಡಿದಿಡೋಕೆ ಇನ್ನಷ್ಟು ಏಣಿ ಹಾಕುತ್ತೆ, ಆ ಏಣಿ ನೋಡಿ ಹೊರಗಿದ್ದವರು ಇನ್ನಷ್ಟು ದೂರ ಹೋಗ್ತಾರೆ.

2025ರ ಡಿಸೆಂಬರ್ 2ಕ್ಕೆ ಇನ್ನೊಂದು ಎಕ್ಸ್‌ಪಾನ್ಷನ್ ಬಂತು, ‘ರೆನೆಗೇಡ್ಸ್’, ಸ್ಟಾರ್ ವಾರ್ಸ್ ಛಾಯೆಯದು. ಟ್ರೇಲರ್ ನೋಡಿ ಗದಗಿನವನೇ ಗ್ರೂಪಿಗೆ ಹಾಕಿದ್ದ. ಬಹಳ ದಿನದ ಮೇಲೆ ಮೂವರೂ ಕಾಲ್‌ಗೆ ಬಂದೆವು, ಅದೇ ಹತ್ತೂವರೆಗೆ. ನಾನು ಸೆಪ್ಟೆಂಬರಿನಲ್ಲಿ ಆಟ ಡಿಲೀಟ್ ಮಾಡಿದ್ದೆ, ಮದುವೆ ವಿಡಿಯೋಗಳಿಗೆ ಜಾಗ ಬೇಕಿತ್ತು. ಪೂರ್ತಿ ಡೌನ್‌ಲೋಡ್ ಮಾಡೋಕೆ ಇಟ್ಟರೆ ಬೆಳಗಾಗುತ್ತೆ. ಧಾರವಾಡದವನ ಹತ್ತಿರ ಆಟ ಇತ್ತು, ತೆರೆದಿರಲಿಲ್ಲ. ಅಂಗಡಿ, ಶಾಲೆ, ಯಾರಿಗೆ ಮಗು ಆಯ್ತು, ಹಾವೇರಿಯವನು ಯಾಕೆ ಫೋನ್ ಎತ್ತಲ್ಲ ಅಂತ ಒಂದು ಗಂಟೆ ಮಾತಾಡಿದೆವು.

‘ಅದಕ್ಕ ಈಗ ಪವರ್ ಎಷ್ಟು ಬೇಕಂತ?’ ಅಂದ ಧಾರವಾಡದವನು.

‘ಹೋಗ್ಲಿ ಬಿಡಲೇ,’ ಅಂದ ಗದಗಿನವನು. ‘ಒಂದ್ ಮಿಷನ್ ಡೀಪ್ ರಾಕ್ ಆಡೂಣೇನು? ಸಣ್ಣ ಡೌನ್‌ಲೋಡ್ ಐತಿ.’

ನಾನು ಹಾಕಿಕೊಂಡೆ. ಒಂದು ಅಂದಿದ್ದು ಮೂರಾಯಿತು. ಮೂರನೆಯದರಲ್ಲಿ ರಾಕೆಟ್ ಹೊರಡೋಕೆ ಹತ್ತು ಸೆಕೆಂಡ್ ಇದ್ದಾಗ ನಾನು ಕತ್ತಲಲ್ಲಿ ದಾರಿ ತಪ್ಪಿ ನಿಂತಿದ್ದೆ, ‘ಸರ್ಕಲ್‌ಗೆ ಬಾರಲೇ, ಚನ್ನಮ್ಮ ಸರ್ಕಲ್‌ಗೆ!’ ಅಂತ ಒದರಿದ ಗದಗಿನವನು. ಆ ಗುಹೆಯಲ್ಲಿ ಸರ್ಕಲ್ ಎಲ್ಲಿ ಅಂತ ನಾವ್ಯಾರೂ ಇನ್ನೂ ಹೆಸರಿಟ್ಟಿರಲಿಲ್ಲ.